ತೂತು ಕೊರೆದ ಖರ್ಚು: ಕೆಜಿಎಫ್‌ನಲ್ಲಿ ಒಂದು ಗ್ರಾಂ ಚಿನ್ನದ ಲೆಕ್ಕ

2023–24ರಲ್ಲಿ ಭಾರತ ಆಮದು ಮಾಡಿಕೊಂಡ ಚಿನ್ನ ಸುಮಾರು 795 ಟನ್. ಹಿಂದಿನ ವರ್ಷದ 678 ಟನ್‌ಗೆ ಹೋಲಿಸಿದರೆ ಶೇ 17ರಷ್ಟು ಹೆಚ್ಚು. ಕೋಲಾರ ಚಿನ್ನದ ಗಣಿಗಳು 1880ರ ದಶಕದಿಂದ 2001ರ ಫೆಬ್ರವರಿ 28ರಂದು ಬಾಗಿಲು ಹಾಕುವವರೆಗೆ ಕೊಟ್ಟದ್ದು ಒಟ್ಟು 800 ಟನ್‌ಗಿಂತ ತುಸು ಹೆಚ್ಚು. ಒಂದು ಕಡೆ 120 ವರ್ಷ, ಇನ್ನೊಂದು ಕಡೆ 12 ತಿಂಗಳು. ತೂಕ ಹೆಚ್ಚುಕಡಿಮೆ ಒಂದೇ.

ಆ 800 ಟನ್‌ಗಾಗಿ ನೆಲದಿಂದ ಎತ್ತಿದ ಅದಿರು ಸುಮಾರು 5.1 ಕೋಟಿ ಟನ್. ಸರಾಸರಿ ತೆಗೆದರೆ ಟನ್ ಅದಿರಿಗೆ 15.7 ಗ್ರಾಂ ಚಿನ್ನ. ಈ ಪ್ರಮಾಣಕ್ಕೆ ಗಣಿಯವರು ‘ಗ್ರೇಡ್’ ಎನ್ನುತ್ತಾರೆ. ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆರಂಭದ ವರ್ಷಗಳಲ್ಲಿ ಗ್ರೇಡ್ 47 ಗ್ರಾಂ ಮುಟ್ಟಿತ್ತು. ಮುಚ್ಚುವ ಹೊತ್ತಿಗೆ ಅದು 3 ಗ್ರಾಂ ಆಸುಪಾಸಿಗೆ ಇಳಿದಿತ್ತು. ಸರಾಸರಿ ಎಂಬ ಒಂದೇ ಅಂಕಿಯಲ್ಲಿ ಈ ಇಳಿತ ಕಾಣುವುದಿಲ್ಲ. ಗಣಿಯ ಆಯುಸ್ಸನ್ನು ತೀರ್ಮಾನಿಸಿದ್ದು ಮಾತ್ರ ಆ ಇಳಿತವೇ.

ಪವನಿನ ಲೆಕ್ಕದಲ್ಲಿ ಇಳಿತ ಸ್ಪಷ್ಟವಾಗುತ್ತದೆ. 8 ಗ್ರಾಂನ ಒಂದು ಪವನಿಗೆ 47 ಗ್ರಾಂ ಗ್ರೇಡಿನಲ್ಲಿ 170 ಕೆಜಿ ಅದಿರು ಸಾಕು. 15.7ರಲ್ಲಿ 510 ಕೆಜಿ. 3 ಗ್ರಾಂನಲ್ಲಿ 2,667 ಕೆಜಿ. ಅದೇ ಪವನಿಗೆ ಸುಮಾರು 16 ಪಟ್ಟು ಕಲ್ಲು ಒಡೆದು, ಮೇಲಕ್ಕೆತ್ತಿ, ಪುಡಿ ಮಾಡಬೇಕಾಯಿತು. ಇಷ್ಟರಲ್ಲಿ ಕಲ್ಲು ಸಿಗುವ ಆಳವೂ ಬದಲಾಗಿತ್ತು. ಚಾಂಪಿಯನ್ ರೀಫ್ ಎಂಬ ಗಣಿಯಲ್ಲಿ ಕೆಲಸ 3.2 ಕಿಲೋಮೀಟರ್ ಕೆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಉಷ್ಣಾಂಶ 65 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ.

ಇಷ್ಟು ಕಲ್ಲನ್ನು ಒಡೆಯುವ ಮೊದಲ ಹೆಜ್ಜೆ ತೂತು. ಬಂಡೆಯಲ್ಲಿ ತೂತು ಕೊರೆದು, ಸಿಡಿಮದ್ದು ತುಂಬಿ ಸಿಡಿಸಿದ ಮೇಲೆ ಉಳಿದ ಕೆಲಸವೆಲ್ಲ. ಒಂದು ಟನ್ ಅದಿರಿಗೆ ಒಂದು ಮೀಟರ್ ತೂತು ಎಂದು ಲೆಕ್ಕದ ಅನುಕೂಲಕ್ಕೆ ಹಿಡಿಯೋಣ. ಕಿರಿದಾದ ಚಿನ್ನದ ಪಟ್ಟೆಯಲ್ಲಿ ಇದು ಅತಿಶಯದ ಅಂದಾಜಲ್ಲ. ಆಗ 5.1 ಕೋಟಿ ಟನ್‌ಗೆ 51,000 ಕಿಲೋಮೀಟರ್ ತೂತಾಗುತ್ತದೆ. ಸಮಭಾಜಕ ವೃತ್ತದಲ್ಲಿ ಭೂಮಿಯ ಸುತ್ತಳತೆ 40,075 ಕಿಲೋಮೀಟರ್. ಇದೇ ಅಂದಾಜಿನಲ್ಲಿ 47 ಗ್ರಾಂ ಗ್ರೇಡ್ ಇದ್ದಾಗ ಒಂದು ಗ್ರಾಂ ಚಿನ್ನಕ್ಕೆ 2.1 ಸೆಂಟಿಮೀಟರ್ ತೂತು ಸಾಕಾಗಿತ್ತು; 3 ಗ್ರಾಂಗೆ ಇಳಿದಾಗ 33 ಸೆಂಟಿಮೀಟರ್ ಬೇಕಾಯಿತು. ಮೀಟರ್ ಎಷ್ಟೆಂಬ ಅಂದಾಜು ಬದಲಾದರೂ ಈ ಎರಡರ ನಡುವಿನ ಅನುಪಾತ ಬದಲಾಗುವುದಿಲ್ಲ.

ತೂತು ಕೊರೆಯುವ ಸಾಮಾನು ನೋಡಲು ಸರಳ. ಕೈಯಲ್ಲಿ ಹಿಡಿದು ಕೊರೆಯುವ ಜ್ಯಾಕ್‌ಹ್ಯಾಮರ್‌ಗೆ ಸಿಕ್ಕಿಸುವ ಡ್ರಿಲ್ ರಾಡ್ ಆರು ಮೂಲೆಯ ಉಕ್ಕಿನ ಕಂಬಿ. ಎದುರುಬದಿಗಳ ನಡುವಿನ ಅಳತೆ 22 ಮಿಲಿಮೀಟರ್. ಕಂಬಿಯ ನಡುವೆ ಉದ್ದಕ್ಕೂ 6.5 ಮಿಲಿಮೀಟರ್ ಆಸುಪಾಸಿನ ಒಂದು ತೂತು, ನೀರು ಅಥವಾ ಗಾಳಿ ಹರಿಯಲು. ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ 419 ಚದರ ಮಿಲಿಮೀಟರ್, ಅದರಲ್ಲಿ ತೂತಿನ ಪಾಲು 33, ಅಂದರೆ ಶೇ 8. ಮೀಟರಿಗೆ 3 ಕೆಜಿ ತೂಗುತ್ತದೆ. ಶೇ 8ರಷ್ಟು ಉಕ್ಕನ್ನು ಬಿಟ್ಟುಕೊಟ್ಟು ಪಡೆಯುವುದು ಬಂಡೆಯ ತೂತಿನ ತಳಕ್ಕೆ ನೀರು ಮುಟ್ಟಿಸುವ ದಾರಿ.

ರಾಡುಗಳು ಸೆಟ್ ಆಗಿ ಬರುತ್ತವೆ. 0.8 ಮೀಟರ್ ಉದ್ದದ ಮೊದಲ ರಾಡಿನ ಕೊರೆಯುವ ಬಾಯಿ 34 ಮಿಲಿಮೀಟರ್. 1.6 ಮೀಟರಿನದು 33, 2.4 ಮೀಟರಿನದು 32. ಮುಂದಿನ ರಾಡು ಹಿಂದಿನದು ಕೊರೆದ ತೂತಿನೊಳಗೆ ಸಿಕ್ಕಿಕೊಳ್ಳದೆ ಇಳಿಯಬೇಕು. ಒಂದೊಂದು ಮಿಲಿಮೀಟರ್ ಇಳಿಸುವುದು ಅದಕ್ಕೆ. 34ರಿಂದ 32ಕ್ಕೆ ಇಳಿದಾಗ ತೂತಿನ ವಿಸ್ತೀರ್ಣ ಶೇ 11ರಷ್ಟು ಕಡಿಮೆಯಾಗುತ್ತದೆ. ಸಿಡಿಮದ್ದಿಗೆ ಜಾಗ ಕಿರಿದಾಗುವುದು ತೂತಿನ ತಳದಲ್ಲಿ. ಬಂಡೆ ಹಟ ಹಿಡಿಯುವುದೂ ಅಲ್ಲೇ.

ಇದಕ್ಕಿಂತ ಆಳದ ತೂತಿಗೆ ಒಂದು ರಾಡಿಗೆ ಇನ್ನೊಂದನ್ನು ಜೋಡಿಸಬೇಕು. ಜೋಡಿಸಲು ಥ್ರೆಡ್ ಬೇಕು. ಥ್ರೆಡ್ ಎಂದರೆ ಬೋಲ್ಟಿನ ಮೈಮೇಲಿರುವಂತಹ ಸುರುಳಿ ಗೀರು. ಲೇತ್ ಕೆಲಸ ಬಲ್ಲವರಿಗೆ ಇಲ್ಲಿ ಪ್ರಶ್ನೆ ಒಂದೇ: ಗೀರು ಹಾಕಿದ ಮೇಲೆ ಒಳತೂತಿಗೂ ಗೀರಿನ ತಳಕ್ಕೂ ನಡುವೆ ಎಷ್ಟು ಉಕ್ಕು ಉಳಿಯಿತು?

22 ಮಿಲಿಮೀಟರ್ ವ್ಯಾಸದ ದುಂಡು ಕಂಬಿಯನ್ನು ತೆಗೆದುಕೊಳ್ಳೋಣ, ಒಳತೂತು 6.5. ಗೋಡೆಯ ದಪ್ಪ 7.75 ಮಿಲಿಮೀಟರ್. ಸುತ್ತ 1.5 ಮಿಲಿಮೀಟರ್ ಆಳದ ಗೀರು ಹಾಕಿದರೆ ಗೋಡೆ 6.25ಕ್ಕೆ ಇಳಿಯುತ್ತದೆ. ಗೋಡೆ ಕಳೆದುಕೊಂಡದ್ದು ಶೇ 19. ಉಕ್ಕಿನ ವಿಸ್ತೀರ್ಣ 347 ಚದರ ಮಿಲಿಮೀಟರಿನಿಂದ 250ಕ್ಕೆ ಬರುತ್ತದೆ, ಶೇ 28 ಕಡಿಮೆ. ಬಾಗುವಿಕೆಗೆ ಎದುರು ನಿಲ್ಲುವ ಶಕ್ತಿಯನ್ನು ಎಂಜಿನಿಯರುಗಳು ‘ಸೆಕ್ಷನ್ ಮಾಡ್ಯುಲಸ್’ ಎಂಬ ಅಳತೆಯಿಂದ ಲೆಕ್ಕ ಹಾಕುತ್ತಾರೆ. ಅದು ವ್ಯಾಸದ ಘನದ ಜೊತೆಗೆ ಏರಿಳಿಯುವುದರಿಂದ ಇಳಿತ ಶೇ 36. ಒಂದೇ ಗೀರು, ಮೂರು ಅಂಕಿ. ಲೇತ್ ಅಂಗಡಿಯಲ್ಲಿ ಮೊದಲನೆಯದನ್ನು ನೋಡಿ ಸಮಾಧಾನಪಡುವವರೇ ಹೆಚ್ಚು. ರಾಡು ಮುರಿಯುವುದು ಮೂರನೆಯದರ ಲೆಕ್ಕದಲ್ಲಿ.

ಒಳತೂತು ದೊಡ್ಡದಾದಷ್ಟೂ ಅದೇ ಗೀರು ದುಬಾರಿಯಾಗುತ್ತದೆ. ಒಳತೂತು 10 ಮಿಲಿಮೀಟರ್ ಆದರೆ ವಿಸ್ತೀರ್ಣದ ನಷ್ಟ ಶೇ 28ರಿಂದ 32ಕ್ಕೆ ಏರುತ್ತದೆ. 14 ಮಿಲಿಮೀಟರ್ ಆದರೆ ಶೇ 43. ಆಗ ಗೋಡೆ 4 ಮಿಲಿಮೀಟರಿನಿಂದ 2.5ಕ್ಕೆ ಬಂದಿರುತ್ತದೆ. ಒಳತೂತು ಸರಿಯಾಗಿ ನಡುವಿನಲ್ಲಿದೆ ಎಂದು ನಂಬಿ ಮಾಡಿದ ಲೆಕ್ಕ ಇದು. ತೂತು ಅರ್ಧ ಮಿಲಿಮೀಟರ್ ಒಂದು ಬದಿಗೆ ಸರಿದಿದ್ದರೆ ಆ ಬದಿಯಲ್ಲಿ ಉಳಿಯುವುದು 2 ಮಿಲಿಮೀಟರ್ ಮಾತ್ರ. ಉದ್ದದ ಕಂಬಿಯಲ್ಲಿ ತೂತು ಕೂದಲೆಳೆಯೂ ಸರಿಯದಂತೆ ಕೊರೆಯುವುದು ಸುಲಭವಲ್ಲ. ಅದಕ್ಕೇ ಅನುಭವಿ ಲೇತ್ ಕೆಲಸಗಾರ ಕಂಬಿಯ ಹೊರಮೈಯನ್ನು ನಂಬುವುದಿಲ್ಲ. ಒಳತೂತನ್ನು ಹಿಡಿದು ಕೇಂದ್ರ ಕಟ್ಟುತ್ತಾನೆ.

ಗೀರಿನ ಆಕಾರವೂ ರಾಡು ಮುರಿಯದಂತೆ ಕಾಯುವುದಕ್ಕೇ. ಡ್ರಿಲ್ ರಾಡಿನಲ್ಲಿ ಬೋಲ್ಟಿನ ಚೂಪು ಗೀರು ಕಾಣುವುದಿಲ್ಲ. ಅಲ್ಲಿರುವುದು ‘ರೋಪ್ ಥ್ರೆಡ್’, ಅಂದರೆ ಹಗ್ಗದ ಹುರಿಯಂತೆ ದುಂಡಗಿನ ಏರಿಳಿತ. 25ರಿಂದ 38 ಮಿಲಿಮೀಟರ್ ಅಳತೆಯ ರೋಪ್ ಥ್ರೆಡ್‌ಗಳಲ್ಲಿ ಒಂದು ಏರಿನಿಂದ ಮುಂದಿನ ಏರಿಗೆ 12.7 ಮಿಲಿಮೀಟರ್ ಅಂತರ. ಮಾಮೂಲಿ 24 ಮಿಲಿಮೀಟರ್ ಬೋಲ್ಟಿನಲ್ಲಿ ಆ ಅಂತರ 3. ಚೂಪು ತಳದಲ್ಲಿ ಒತ್ತಡ ಒಂದೆಡೆ ಸೇರುತ್ತದೆ, ದುಂಡು ತಳದಲ್ಲಿ ಹರಡುತ್ತದೆ. ಜ್ಯಾಕ್‌ಹ್ಯಾಮರ್ ನಿಮಿಷಕ್ಕೆ ಸುಮಾರು 2,000 ಪೆಟ್ಟು ಕೊಡುತ್ತದೆ. ತಾಸಿಗೆ 1,20,000. ಇಷ್ಟು ಪೆಟ್ಟು ತಿನ್ನುವ ಉಕ್ಕಿನಲ್ಲಿ ಬಿರುಕು ಹುಟ್ಟುವುದು ಸಾಮಾನ್ಯವಾಗಿ ಗೀರಿನ ತಳದಲ್ಲೇ.

      

ಕೊರೆಯುವ ಕೆಲಸಕ್ಕೆ ಸದ್ದಿನ ಲೆಕ್ಕವೂ ಒಂದಿದೆ. ಸದ್ದು ತಗ್ಗಿಸುವ ಮಫ್ಲರ್ ಇಲ್ಲದ ಜ್ಯಾಕ್‌ಹ್ಯಾಮರ್ ಹೊರಡಿಸುವ ಸದ್ದು 110 ಡೆಸಿಬೆಲ್ ದಾಟುತ್ತದೆ. ಎಂಟು ತಾಸಿನ ಪಾಳಿಗೆ ಭಾರತದ ಗಣಿಗಳಲ್ಲಿ ಒಪ್ಪಿತ ಮಿತಿ 90. ಡೆಸಿಬೆಲ್ ಮಾಪನದಲ್ಲಿ ಪ್ರತಿ 10ರ ಏರಿಕೆ ಎಂದರೆ ಧ್ವನಿಶಕ್ತಿ 10 ಪಟ್ಟು; ಆದ್ದರಿಂದ 20ರ ಅಂತರ ಎಂದರೆ 100 ಪಟ್ಟು. ಗಾಳಿ ಹೊರಬರುವ ಬಾಯಿಗೆ ಮಫ್ಲರ್ ಕಟ್ಟಿ 10 ಡೆಸಿಬೆಲ್ ಇಳಿಸಿದರೂ ಇನ್ನೂ 10 ಪಟ್ಟು ಉಳಿಯುತ್ತದೆ. ಸದ್ದಿನ ಬಹುಪಾಲು ಗಾಳಿಯ ಬಾಯಿಯಿಂದ ಬಂದರೂ ಉಕ್ಕು ಕಲ್ಲಿಗೆ ಬಡಿಯುವ ಸದ್ದನ್ನು ಮಫ್ಲರ್ ಮುಟ್ಟುವುದಿಲ್ಲ.

ಸದ್ದಿಗಿಂತ ದೊಡ್ಡ ಬಾಬತ್ತು ಧೂಳು. 33 ಮಿಲಿಮೀಟರ್ ಬಾಯಿಯ ರಾಡು 1.6 ಮೀಟರ್ ಇಳಿದರೆ 1,368 ಘನ ಸೆಂಟಿಮೀಟರ್ ಕಲ್ಲು ಪುಡಿಯಾಗುತ್ತದೆ. ಬೆಣಚುಕಲ್ಲಿನ ಸಾಂದ್ರತೆ 2.65, ಒಂದು ತೂತಿಗೆ 3.6 ಕೆಜಿ ಪುಡಿ. ಆ 6.5 ಮಿಲಿಮೀಟರ್ ಒಳತೂತಿನಲ್ಲಿ ನೀರು ಹರಿದರೆ ಪುಡಿ ಕೆಸರಾಗಿ ಕೆಳಗೆ ಇಳಿಯುತ್ತದೆ. ಗಾಳಿ ಮಾತ್ರ ಹರಿದರೆ ಕೊರೆಯುವವನ ಮುಖಕ್ಕೆ ಬರುತ್ತದೆ. ಅದರಲ್ಲಿ 5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ.

1940ರ ದಶಕದಲ್ಲಿ ಕೋಲಾರ ಗಣಿಗಳಲ್ಲಿ 7,653 ಕಾರ್ಮಿಕರ ತಪಾಸಣೆ ನಡೆಯಿತು. ಬೆಣಚು ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯಾದ ಸಿಲಿಕೋಸಿಸ್ ಕಂಡುಬಂದದ್ದು 3,402 ಮಂದಿಯಲ್ಲಿ. ನೂರಕ್ಕೆ 44. ಭಾರತದಲ್ಲಿ ಈ ಕಾಯಿಲೆಯ ಕುರಿತ ಮೊದಲ ದೊಡ್ಡ ದಾಖಲೆ ಇದೇ. ಉಕ್ಕು, ಸಿಡಿಮದ್ದು, ವಿದ್ಯುತ್ತಿನ ಖರ್ಚು ಕಂಪನಿಯ ಲೆಕ್ಕಪುಸ್ತಕದಲ್ಲಿ ಸಾಲಾಗಿ ಬರುತ್ತಿತ್ತು. ಈ 3,402 ಅಲ್ಲಿ ಪರಿಹಾರದ ಮೊತ್ತವಾಗಿ ಮಾತ್ರ ಬರುವಂಥದ್ದು; ಉಳಿದದ್ದು ಮಾರಿಕುಪ್ಪಂ, ಚಾಂಪಿಯನ್ ರೀಫ್, ಕೋರಮಂಡಲದ ಲೈನ್ ಮನೆಗಳ ಖಾತೆಗೆ ಹೋಯಿತು.

ವಿದ್ಯುತ್ತಿನ ಬಾಬತ್ತು ಚುಟುಕಾಗಿ: ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಗಣಿಗೆ ಕರೆಂಟು ತಂದಾಗ ಮೊದಲು ಸಿಕ್ಕಿದ್ದು 4,000 ಅಶ್ವಶಕ್ತಿ. ಮೂರು ವರ್ಷಗಳ ನಂತರ, 1905ರಲ್ಲಿ, ವಾರ್ಷಿಕ ಉತ್ಪಾದನೆ ಸುಮಾರು 19 ಟನ್ ಮುಟ್ಟಿತು. ಇಂದು ರಾಯಚೂರು ಜಿಲ್ಲೆಯ ಹಟ್ಟಿ ಗಣಿ ವರ್ಷಕ್ಕೆ ಕೊಡುವುದು ಒಂದೂವರೆ ಟನ್ ಆಸುಪಾಸು.

ಕೊರೆದು, ಸಿಡಿಸಿ, ಎತ್ತಿ, ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿಯೇ ಸೈನೈಡ್ ಗುಡ್ಡೆಗಳು. ಪುಡಿ ಪ್ರಮಾಣ ಸುಮಾರು 3.3 ಕೋಟಿ ಟನ್. ಒಟ್ಟು ಎತ್ತಿದ ಅದಿರಿನ ಶೇ 65. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಇಂಥ 13 ಗುಡ್ಡೆಗಳಲ್ಲಿ ಗಣಿಗಾರಿಕೆಗೆ ಒಪ್ಪಿಗೆ ನೀಡಿತು. ವಿಸ್ತೀರ್ಣ 1,003.4 ಎಕರೆ. ಎಕರೆಗೆ 32,900 ಟನ್, ಚದರ ಮೀಟರಿಗೆ 8 ಟನ್ ಪುಡಿ ಕೂತಿದೆ ಎಂದಾಯಿತು.

ಇದರ ಗ್ರೇಡ್ ಟನ್‌ಗೆ 0.7 ಗ್ರಾಂ ಎಂಬ ಅಂದಾಜಿದೆ. 3.3 ಕೋಟಿಗೆ ಗುಣಿಸಿದರೆ 23 ಟನ್ ಚಿನ್ನ. 3 ಗ್ರಾಂ ಗ್ರೇಡಿನಲ್ಲಿ ಗಣಿ ನಷ್ಟಕ್ಕೆ ಬಿದ್ದು ಮುಚ್ಚಿತು, ಅದರ ನಾಲ್ಕನೇ ಒಂದು ಪಾಲಿಗಿಂತಲೂ ಕಡಿಮೆ ಇರುವ ಪುಡಿಯಲ್ಲಿ ಲಾಭ ಎಲ್ಲಿಂದ ಎಂಬ ಪ್ರಶ್ನೆ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ ಯಾರಿಗಾದರೂ ಏಳುವಂಥದ್ದೇ. ಉತ್ತರದ ಅರ್ಧ ಬೆಲೆಯಲ್ಲಿದೆ, ಇನ್ನರ್ಧ ತೂತಿನಲ್ಲಿದೆ.

ಬೆಲೆಯ ಅರ್ಧ ಹೀಗೆ. 2001ರಲ್ಲಿ 10 ಗ್ರಾಂ ಚಿನ್ನಕ್ಕೆ ಸುಮಾರು ₹4,300. 2024ರ ನಡುವೆ ಸುಮಾರು ₹72,000. ಅಂದು 3 ಗ್ರಾಂ ಹೊತ್ತ ಒಂದು ಟನ್ ಅದಿರಿನಲ್ಲಿ ₹1,290 ಮೌಲ್ಯದ ಚಿನ್ನವಿತ್ತು. 2024ರಲ್ಲಿ 0.7 ಗ್ರಾಂ ಹೊತ್ತ ಒಂದು ಟನ್ ಪುಡಿಯಲ್ಲಿ ₹5,040 ಮೌಲ್ಯದ್ದಿತ್ತು. ಸುಮಾರು ನಾಲ್ಕು ಪಟ್ಟು. ಆದರೆ ರೂಪಾಯಿಯೂ ಸವೆದಿದೆ. ಆದಾಯ ತೆರಿಗೆ ಇಲಾಖೆ ಬಳಸುವ ವೆಚ್ಚ ಹಣದುಬ್ಬರ ಸೂಚ್ಯಂಕ 2001–02ರಲ್ಲಿ 100, 2024–25ರಲ್ಲಿ 363. ಹಳೆಯ ₹1,290 2024–25ರ ₹4,683ಕ್ಕೆ ಸಮ. ಬೆಲೆ ಒಂದೇ ಕಾರಣವಾಗಿದ್ದರೆ ಪುಡಿಯ ಮೇಲುಗೈ ಶೇ 8 ಮಾತ್ರ. ಅಷ್ಟಕ್ಕೆ ಯಾರೂ ಬಂಡವಾಳ ಹೂಡುವುದಿಲ್ಲ.

ಉಳಿದ ಅರ್ಧ ತೂತು. ಪುಡಿಗೆ ಡ್ರಿಲ್ ರಾಡು ಬೇಡ, ಸಿಡಿಮದ್ದು ಬೇಡ. 3.2 ಕಿಲೋಮೀಟರ್ ಆಳದಿಂದ ಎತ್ತುವ ಯಂತ್ರ ಬೇಡ, 65 ಡಿಗ್ರಿಯ ಬಂಡೆಯನ್ನು ತಣಿಸುವ ಗಾಳಿ ಬೇಡ. ಅರೆಯುವ ಕೆಲಸವೂ ಬಹುಪಾಲು ಮುಗಿದಿದೆ. ಒಂದು ಮೀಟರ್ ತೂತಿನ ಅಂದಾಜನ್ನೇ ಮುಂದುವರಿಸಿದರೆ 3.3 ಕೋಟಿ ಟನ್‌ನ ಹಿಂದೆ 33,000 ಕಿಲೋಮೀಟರ್ ತೂತಿದೆ. ಅದರ ಬಿಲ್ 2001ಕ್ಕೆ ಮೊದಲೇ ಚುಕ್ತಾ ಆಗಿದೆ. ಹೊಸದಾಗಿ ಬರುವ ಗುತ್ತಿಗೆದಾರ ಕಟ್ಟುವುದು ಸಾಗಿಸುವ, ತೊಳೆಯುವ, ಸೈನೈಡಿನ ಖರ್ಚು. ಶೇ 8ರ ಮೇಲುಗೈ ವ್ಯಾಪಾರವಾಗುವುದು ಇಲ್ಲಿ.

ಇನ್ನು ದಕ್ಕುವಿಕೆ. ಒಮ್ಮೆ ಸೈನೈಡಿನಲ್ಲಿ ತೊಳೆದ ಪುಡಿ ಉಳಿದ ಚಿನ್ನವನ್ನು ಇನ್ನೊಮ್ಮೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಪೂರ್ತಿ 23.1 ಟನ್ ದಕ್ಕಿದರೆ 2024ರ ಬೆಲೆಯಲ್ಲಿ ₹16,632 ಕೋಟಿ. ಶೇ 60 ದಕ್ಕಿದರೆ 13.9 ಟನ್, ₹9,979 ಕೋಟಿ. ಪ್ರತಿ ಶೇ 10ರ ಏರುಪೇರು ₹1,663 ಕೋಟಿ. ಗುಡ್ಡೆಯ ಎಷ್ಟು ಆಳದಿಂದ ಎಷ್ಟು ಮಾದರಿ ತೆಗೆದು ಪರೀಕ್ಷಿಸಿದರು ಎಂಬುದು ಗುಡ್ಡೆಗಳ ಗುತ್ತಿಗೆ ಹರಾಜಿನ ಕಾಗದದಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದದ್ದು ಈ ಕಾರಣಕ್ಕೆ. ದೇಶದ ಲೆಕ್ಕಕ್ಕೆ ಬಂದರೆ ಇದು ದೊಡ್ಡದಲ್ಲ: ಪೂರ್ತಿ 23 ಟನ್ ದಕ್ಕಿದರೂ 2023–24ರ ಆಮದಿನ ಶೇ 2.9, ಹನ್ನೊಂದು ದಿನಕ್ಕೂ ಸಾಲದು. ಊರಿನ ಲೆಕ್ಕ ಬೇರೆ. 2011ರ ಜನಗಣತಿಯಲ್ಲಿ ರಾಬರ್ಟ್‌ಸನ್‌ಪೇಟೆಯ ಜನಸಂಖ್ಯೆ 1,62,230. 1964ರಲ್ಲಿ ಹುಟ್ಟಿದ ಬೆಮೆಲ್ ಬಿಟ್ಟರೆ ಊರಿನಲ್ಲಿ ದೊಡ್ಡ ಕಾರ್ಖಾನೆ ಇಲ್ಲ. ದುಡಿಯುವವರು ಬೆಳಗಿನ ರೈಲಿನಲ್ಲಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುತ್ತಾರೆ.

ಹೊಸ ಖರ್ಚಿನಲ್ಲಿ ಮೊದಲನೆಯದು ಸಾಗಣೆ. ಹತ್ತು ವರ್ಷದಲ್ಲಿ, ವರ್ಷಕ್ಕೆ 330 ದಿನ ಕೆಲಸ ಮಾಡಿ ಗುಡ್ಡೆ ಮುಗಿಸಬೇಕೆಂದರೆ ದಿನಕ್ಕೆ 10,000 ಟನ್ ಪುಡಿ ಸರಿಸಬೇಕು. 10 ಟನ್ನಿನ ಟಿಪ್ಪರಿನಲ್ಲಿ ದಿನಕ್ಕೆ 1,000 ಲೋಡು. ಈಗಲೇ ಬೇಸಿಗೆಯ ಗಾಳಿಗೆ ಗುಡ್ಡೆಯ ಪುಡಿ ಮನೆಯೊಳಗೆ ಬರುವ ಊರಿನಲ್ಲಿ ದಿನಕ್ಕೆ ಸಾವಿರ ಲೋಡು ಸಾಗಿಸಿದರೆ 3,402ರ ಹಳೆಯ ಪಟ್ಟಿಗೆ ಹೊಸ ಹೆಸರು ಸೇರುವ ಅಪಾಯವಿದೆ.

ಇದಕ್ಕೆ ಬದಲಿ ದಾರಿ ನೀರು. ಗುಡ್ಡೆಗೆ ನೀರು ಚಿಮ್ಮಿಸಿ ಪುಡಿಯನ್ನು ಕೆಸರಾಗಿಸಿ ಪೈಪಿನಲ್ಲಿ ಹರಿಸಿದರೆ ಧೂಳೂ ಇಲ್ಲ, ಟಿಪ್ಪರೂ ಇಲ್ಲ. ಪುಡಿಯಷ್ಟೇ ತೂಕದ ನೀರು ಎಂದು ಹಿಡಿದರೆ ದಿನಕ್ಕೆ 1 ಕೋಟಿ ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರ ನೀರು ಪೂರೈಕೆಯ ಮಾನದಂಡದಲ್ಲಿ ರಾಬರ್ಟ್‌ಸನ್‌ಪೇಟೆಗೆ ಬೇಕಾದದ್ದು 2.19 ಕೋಟಿ ಲೀಟರ್. ಊರಿನ ಅಗತ್ಯದ ಶೇ 46 ಗುಡ್ಡೆಗೇ ಬೇಕು ಎಂದಾಯಿತು. ಐದರಲ್ಲಿ ನಾಲ್ಕು ಪಾಲು ನೀರನ್ನು ತಿಳಿಗೊಳಿಸಿ ಮರಳಿ ಬಳಸಿದರೂ ದಿನಕ್ಕೆ 20 ಲಕ್ಷ ಲೀಟರ್ ಹೊಸ ನೀರು ಬೇಕು. 5,000 ಲೀಟರಿನ ಟ್ಯಾಂಕರಿನಲ್ಲಿ ಅದು 400 ಲೋಡು. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಆ 400 ಲೋಡು ಯಾವ ಕೆರೆಯಿಂದ, ಯಾವ ದರಕ್ಕೆ ಎಂಬ ಸಾಲು ಹರಾಜಿನ ಷರತ್ತಿನಲ್ಲಿ ಬರೆದಿರಬೇಕು. ಟನ್‌ಗೆ ₹5,040 ಎಂಬ ಅಂಕಿಯಿಂದ ಮೊದಲು ಕಳೆಯಬೇಕಾದದ್ದು ಅದನ್ನೇ.